ಅರೆಪೊಳ್ಳು ಗಿಟಾರು

ಗಿಟಾರನ್ನು ಕಿವಿಯ ಪಕ್ಕ ಹಿಡಿದು, ಅಲ್ಲಾಡಿಸಿ ನೋಡಿ ಕೊಂಡುಕೊಂಡವನು ಈ ಭೂಮಿಯ ಮೇಲೆ ನಮ್ಮಪ್ಪ ಒಬ್ಬನೇ ಇರಬೇಕು. ನಗುವವರು ನಗಲಿ. ಆವತ್ತು ಬೆಂಗಳೂರಿನ ಬಳೇಪೇಟೆಯ ಅಂಗಡಿಯಲ್ಲಿ ನನಗಂತೂ ನಗು ಬರಲಿಲ್ಲ.

ನಮ್ಮದು ಹೊನ್ನವಳ್ಳಿ ಕಡೆಯ ಹಳ್ಳಿ. ತೆಂಗು ಬಿಟ್ಟರೆ ನಮಗೆ ಬೇರೆ ಮಾತಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ವರ್ಷ ಅದು ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯನ್ನು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ನೀರು ಉಳಿದಿದ್ದರೆ ಗುಳುಕ್ ಎನ್ನುತ್ತದೆ. ಗುಳುಕ್ ಎನ್ನುವುದನ್ನು ಆತುರಪಟ್ಟು ಒಡೆದರೆ ಕೊಬ್ಬರಿ ಚಿಪ್ಪಿಗೇ ಅಂಟಿಕೊಂಡು ಚೂರಾಗುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷದ ಕಾಯುವಿಕೆಯೆಲ್ಲ ಮಣ್ಣುಪಾಲು. ಒಡೆಯಬೇಕೋ ಇನ್ನೂ ಬಿಡಬೇಕೋ ಎಂದು ಕೇಳುವುದಕ್ಕೆ ಸುತ್ತಿನವರು ನಮ್ಮಪ್ಪನನ್ನು ಕರೆಸುತ್ತಿದ್ದರು. ಅವನು ಅಟ್ಟ ಹತ್ತಿ, ಮೂಲೆಮೂಲೆಯಿಂದ ಒಂದೊಂದು ಕಾಯಿ ಎತ್ತಿ ಕಿವಿ ಪಕ್ಕ ಅಲ್ಲಾಡಿಸಿ, "ಹೊಡ್ಕಳಿ" ಅಂದರೆ ಕಾಯಿ ಸುಲಿಯುವವರು ಅಂದೇ ಕೆಲಸಕ್ಕೆ ಕೂರುತ್ತಿದ್ದರು. "ಇರ್ಲಿ ಬುಡಿ" ಅಂದರೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇದಕ್ಕೆ ಅವನು ಕಾಸು ಮುಟ್ಟುತ್ತಿರಲಿಲ್ಲ. ಒಂದು ಲೋಟ ಕಾಫಿ, ಜಗಲಿಯ ಮೇಲೆ ಒಳ್ಳೆಯ ಜಾಗ ಸಿಕ್ಕರೆ ಆಯಿತು, ಆವತ್ತೆಲ್ಲಾ ಅವನ ಮೀಸೆ ನೋಡಬೇಕಿತ್ತು.

ಗಿಟಾರಿನ ಹುಚ್ಚು ನನಗೆ ಹತ್ತಿದ್ದು ಎಂಬತ್ತರ ದಶಕದ ಮೊದಮೊದಲಲ್ಲಿ, ತಿಪಟೂರಿಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವಾಗ. ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿಯ ಹೆಂಡತಿ ತಮ್ಮ ಮರದ ಗಿಟಾರಿನಲ್ಲಿ ನನಗೆ ಕಲಿಸಿದರು. ನಾನು ರಜೆಯಲ್ಲಿ ಅದನ್ನು ಮನೆಗೆ ತಂದು ನುಡಿಸುತ್ತಿದ್ದೆ. ಅವರಿಗೆ ಮತ್ತೆ ವರ್ಗವಾಯಿತು, ಗಿಟಾರೂ ಲಾರಿ ಹತ್ತಿತು. ನನಗೆ ಕೈ ಕಟ್ಟಿಹಾಕಿದ ಹಾಗಾಯಿತು. ಹೋಗುವಾಗ ಅವರು, "ಮನೇಲಿ ನುಡಿಸೋಕೆ ಅರ್ಧ ಟೊಳ್ಳು ಇರೋ ಎಲೆಕ್ಟ್ರಿಕ್ ಗಿಟಾರ್ ತಗೊಳಮ್ಮ. ನಿಮ್ಮೂರಲ್ಲಿ ಕರೆಂಟ್ ಇರೋದೇ ಅಪರೂಪ. ಕರೆಂಟ್ ಇಲ್ಲದಿದ್ರೂ ನಿನ್ನ ಕಿವಿಗೆ ಸಣ್ಣಗೆ ಕೇಳುತ್ತೆ, ಪಕ್ಕದ ಮನೆಯವರಿಗೆ ತೊಂದರೆ ಇಲ್ಲ" ಎಂದಿದ್ದರು.

ಮನೆಯಲ್ಲಿ ದೊಡ್ಡ ಜಗಳವೇ ಆಗುತ್ತದೆ ಎಂದು ಸೊಂಟ ಕಟ್ಟಿಕೊಂಡು ಹೋಗಿ ಕೇಳಿದೆ. ಅವ್ವ ಬಾಯಿ ತೆಗೆದೇಬಿಟ್ಟಳು. "ಅಲ್ಲ ಕಣೇ, ಲಗ್ನ ಆಗೋ ವಯಸ್ನಾಗೆ ಗಿಟಾರಂತೆ! ನೋಡಕ್ ಬಂದೋರ ಮುಂದೆ ಅದನ್ನೇ ಬಾರಿಸ್ಕಂಡ್ ಕೂತ್ಕ!"

ಅಪ್ಪ ಮಾತ್ರ, "ತಗಳಾನ ಬುಡು. ಜೋರಾಗಿ ಕೇಳ್ಬೇಕು ಅಷ್ಟೇಯ" ಅಂದ.

ಅವ್ವ ಅವನ ಮುಖ ನೋಡಿದಳು. ಆಮೇಲೆ ಒಂದು ಮಾತೂ ಆಡದೆ ಒಳಗೆ ಹೋದಳು. ನನಗೆ ಭಯ ಹತ್ತಿದ್ದು ಅಲ್ಲಿಂದ. ನಮ್ಮವ್ವ ಸೋತು ಸುಮ್ಮನಾಗುವ ಪೈಕಿ ಅಲ್ಲವೇ ಅಲ್ಲ. ಇದರಲ್ಲಿ ಏನೋ ಇದೆ ಅನ್ನಿಸಿತು. ಹಾಗನ್ನಿಸಿದ ಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಪ್ಪ ರೇಡಿಯೋವನ್ನು ಬೀದಿಗೆಲ್ಲ ಕೇಳುವಂತೆ ಇಡುತ್ತಿದ್ದ. ಹಿತ್ತಿಲಿನಲ್ಲಿ ಕರು ಬಾಯಿ ಬಡಿದುಕೊಳ್ಳುತ್ತಿದ್ದರೂ ಬಾಗಿಲಲ್ಲೇ ಕೂತಿರುತ್ತಿದ್ದ. ಬೆಂಗಳೂರಿಗೆ ರೈಲು ಹಿಡಿಯಲು ತಿಪಟೂರಿಗೆ ಹೋದ ದಿನ ಹಿಂದಿನಿಂದ ಲಾರಿ ಹಾರನ್ ಹೊಡೆದೇ ಹೊಡೆಯಿತು. ಅವನು ರಸ್ತೆಯ ಮಧ್ಯದಿಂದ ಸರಿಯಲೇ ಇಲ್ಲ. ರಟ್ಟೆ ಹಿಡಿದು ಎಳೆದೆ. "ಏನಾಯ್ತವ್ವ?" ಅಂದ. ಡ್ರೈವರ್ ಬೈದ ಬೈಗುಳ ಕೇಳಿದ್ದು ನನಗೊಬ್ಬಳಿಗೇ.

ಬಳೇಪೇಟೆಯ ಅಂಗಡಿಯವರು ವಯಸ್ಸಾದವರು, ಸಾವಧಾನದ ಮನುಷ್ಯ. ಮೊದಲು ಒಂದು ಕೆಂಪು ಗಿಟಾರ್ ಕೊಟ್ಟರು. ಇಡೀ ಮೈ ಗಟ್ಟಿ ಹಲಗೆ. ಕರೆಂಟ್ ಇಲ್ಲದೆ ಮೀಟಿದರೆ ಸೊಳ್ಳೆ ಗುಯ್‌ಗುಟ್ಟಿದಷ್ಟು ಸದ್ದು. ಆಮೇಲೆ ಪೂರ್ತಿ ಪೊಳ್ಳಿನದು ಕೊಟ್ಟರು. ಅದರ ದನಿ ಚೆನ್ನಾಗಿತ್ತು, ಆದರೆ ಆಂಪ್ಲಿಫೈಯರಿನ ಮುಂದೆ ಹಿಡಿದರೆ ಕುಯ್ಯೋ ಎಂದು ಅರಚುತ್ತಿತ್ತು. ಕೊನೆಗೆ, "ಮನೆಗಾದ್ರೆ ಇದು ನೋಡಮ್ಮ" ಎಂದು ಅರೆಪೊಳ್ಳಿನವು ಎರಡನ್ನು ಇಳಿಸಿದರು. ನಡುವೆ ಉದ್ದಕ್ಕೆ ಮರದ ದಿಮ್ಮಿ, ಎರಡೂ ಪಕ್ಕ ಟೊಳ್ಳು, ಎದೆಯ ಮೇಲೆ ಎರಡು ಬಳುಕಿದ ಸೀಳು. ಒಂದು ಹೊಚ್ಚ ಹೊಸದು, ಅದರ ಬೆಲೆ ಕೇಳಿ ನಾನೇ ಕೈ ಹಿಂದಕ್ಕೆ ತೆಗೆದೆ. ಇನ್ನೊಂದು ಯಾವುದೋ ಆರ್ಕೆಸ್ಟ್ರಾದವರು ಮಾರಿದ್ದು. ಅಂಚಿನ ಬಣ್ಣ ಸವೆದಿತ್ತು, ದನಿ ಏರಿಸಿ ಇಳಿಸುವ ಒಂದು ತಿರುಗುಣಿ ಬೇರೆ ಬಣ್ಣದ್ದು. ನಮ್ಮ ಕೈಗೆಟಕುವಂಥದ್ದು. ಹಿಡಿಯನ್ನು ಹಿಡಿದುಕೊಂಡ ತಕ್ಷಣ ಇದು ನನ್ನದು ಅನ್ನಿಸಿತು. ಕರೆಂಟ್ ಇಲ್ಲದೆಯೇ ಮೀಟಿದೆ. ಸಣ್ಣಗೆ, ದುಂಡಗೆ, ಮನೆಯೊಳಗಿನವರಿಗೆ ಸಾಕಾಗುವಷ್ಟು ಕೇಳಿತು.

ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. "ಏನೂ ಅಂತಾನೇ ಇಲ್ವಲ್ಲ ಇದು" ಅಂದ. ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ, ಥೇಟ್ ಅಟ್ಟದ ಕಾಯಿಯಂತೆ.

"ಅಯ್ಯೋ ಸ್ವಾಮಿ, ತೆಂಗಿನಕಾಯಲ್ಲ ಅದು!" ಎಂದು ಅಂಗಡಿಯವರು ನಕ್ಕರು. ಅಷ್ಟರಲ್ಲಿ ಒಳಗಿನಿಂದ ಲೊಟಲೊಟ ಎಂದಿತು. ಏನೋ ಕಳಚಿಕೊಂಡು ಉರುಳಾಡುತ್ತಿತ್ತು. ನನಗೆ ಕೇಳಿತು. ಅಂಗಡಿಯವರ ನಗು ನಿಂತಿತು, ಅವರಿಗೂ ಕೇಳಿತ್ತು. ಬಾಗಿಲ ಬಳಿ ಹಾರ್ಮೋನಿಯಂ ನೋಡುತ್ತಿದ್ದ ಗಿರಾಕಿಯೂ ತಿರುಗಿದ.

ಅಪ್ಪ ಮತ್ತೊಮ್ಮೆ ಜೋರಾಗಿ ಅಲ್ಲಾಡಿಸಿ ಕೆಳಗಿಳಿಸಿದ. "ಇದೇ ಆಗ್ಲಿ ಕಣವ್ವ. ಒಳ್ಗೆ ಏನೂ ಸಡಿಲ ಇಲ್ಲ. ಗಟ್ಟಿಯಾಗೈತೆ."

ಅಂಗಡಿಯವರು ಗಿಟಾರನ್ನು ಮೆಲ್ಲಗೆ ತೆಗೆದುಕೊಂಡು, ಬೋರಲು ಹಿಡಿದು, ಆ ಕಡೆ ಈ ಕಡೆ ವಾಲಿಸಿದರು. ಎದೆಯ ಸೀಳಿನಿಂದ ಒಂದು ಸ್ಕ್ರೂ ಗಾಜಿನ ಮೇಜಿನ ಮೇಲೆ ಬಿತ್ತು. "ಇಷ್ಟೇ. ಒಳಗಡೆ ವೈರ್ ಹಿಡಿದಿರೋದು, ಹಾಕಿಕೊಡ್ತೀನಿ" ಎಂದರು, ಅಪ್ಪನನ್ನು ನೋಡದೆ.

ಅಪ್ಪ ಆ ಸ್ಕ್ರೂ ನೋಡುತ್ತಾ ನಿಂತ. ಆಮೇಲೆ ನನ್ನನ್ನು ನೋಡಿದ. "ನಿಂಗೆ ಕೇಳುಸ್ತಾ?"

"ಹೂಂನಪ್ಪ."

ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ಅವನ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಗಡಿಯವರು, ಪುಣ್ಯಾತ್ಮರು, ಸ್ಕ್ರೂ ಬಿಗಿದು ಗಿಟಾರನ್ನು ಒಂದು ಪುಟ್ಟ ಆಂಪ್ಲಿಫೈಯರ್ ಪೆಟ್ಟಿಗೆಗೆ ಜೋಡಿಸಿ ನನ್ನ ಕೈಗೆ ಕೊಟ್ಟರು. ಮೀಟಿದೆ. ಅಪ್ಪ ತಲೆ ಎತ್ತಿದ. ಇನ್ನೂ ಜೋರು ಮಾಡಿದೆ. ಅವನ ಕಣ್ಣು ತುಂಬಿಕೊಂಡವು.

"ನೀನು ಆ ಮರದ್ದು ಬಾರಿಸ್ತಿದ್ದೆಯಲ್ಲ, ಒಂದ್ ದಿನಾನೂ ನಂಗೆ ಕೇಳ್ಲಿಲ್ಲ ಕಣವ್ವ" ಅಂದ. "ಆ ಪೆಟ್ಟಿಗೇನೂ ಕೊಡಿ ಸ್ವಾಮಿ."

"ಪೆಟ್ಟಿಗೆ ನಂಗೆ ಬ್ಯಾಡಪ್ಪ, ಊರಿಗೆಲ್ಲಾ ಕೇಳ್ತದೆ" ಎಂದು ದನಿ ಏರಿಸಿ ಹೇಳಿದೆ.

"ನಂಗೆ ಬೇಕು" ಅಂದ.

ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವನು ಮೆಲ್ಲಗೆ ವಿಷಯಕ್ಕೆ ಬಂದ. ಸೋಮವಾರ ಶೆಟ್ಟಿಕೆರೆಯಲ್ಲಿ ನನ್ನ ಸೋದರಮಾವನ ಅಟ್ಟ ನೋಡಬೇಕಿತ್ತು. ನಮ್ಮ ನೆಂಟರಲ್ಲೇ ದೊಡ್ಡ ಅಟ್ಟ ಅದು. ಬರುತ್ತೇನೆಂದು ಮಾತು ಕೊಟ್ಟಾಗಿತ್ತು.

"ಹೋಗ್ಬ್ಯಾಡ" ಎಂದು ಅವನ ಕಿವಿ ಹತ್ತಿರ ಕೂಗಿದೆ. ಬೋಗಿಯವರೆಲ್ಲ ನೋಡಿದರು, ನೋಡಿಕೊಳ್ಳಲಿ. "ಸ್ಕ್ರೂ ಸದ್ದು ಕೇಳದೋನಿಗೆ ಸಿಪ್ಪೆಯೊಳಗಿನ ನೀರು ಕೇಳ್ತದಾ?"

"ಕೈಗೆ ತಿಳೀತದೆ ಕಣವ್ವ. ಕೈಲಿ ಹಿಡಿದ್ರೆ ಸಾಕು."

"ಗಿಟಾರೂ ಕೈಲೇ ಹಿಡಿದಿದ್ದೆಯಲ್ಲಪ್ಪ!"

ಗುಬ್ಬಿ ದಾಟಿದ ಮೇಲೆ, "ಊರಿಗೆ ಗೊತ್ತಾದ್ರೆ ನಾನು ಯಾರು ಹೇಳು? ಮೂಲೇಲಿ ಕೂರ್ಸಿ ಅನ್ನ ಹಾಕೋ ಮುದುಕ. ಅಷ್ಟೇ ತಾನೇ?" ಅಂದ. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಗೊತ್ತಿಲ್ದೆ ಏನು? ಹೋದ ಸಲ ಎಲ್ಲಾರ ಮನೇಲೂ ನಿಮ್ಮಪ್ಪನ ಹಿಂದಿಂದೆ ನಾನೂ ಅಟ್ಟ ಹತ್ತಿದ್ದು ಯಾಕೆ ಅಂದ್ಕಂಡೆ? ನಾನು ತಲೆ ಆಡಿಸ್ದಂಗೆ ಅವರು ಹೇಳೋರು." ಆದರೆ ತಮ್ಮನ ಮನೆಗೆ ಅವಳು ಹೋಗುವಂತಿರಲಿಲ್ಲ. ಅವನ ಹೆಂಡತಿಯೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. "ನೀನು ಹೋಗು. ಆಗೈತೆ ಅಂದ್ರೆ ತಲೆ ಆಡ್ಸು, ಇಲ್ಲ ಅಂದ್ರೆ ಸುಮ್ಕಿರು" ಅಂದಳು. ಇಷ್ಟು ದಿನ ಇಬ್ಬರೂ ಸೇರಿ ಇಡೀ ಸೀಮೆಯ ಕಣ್ಣಿಗೆ ಮಣ್ಣೆರಚಿದ್ದರು. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ.

ಸೋಮವಾರದವರೆಗೆ ಅಪ್ಪ ಪೆಟ್ಟಿಗೆಗೆ ಅಂಟಿಕೊಂಡೇ ಕೂರುತ್ತಿದ್ದ. ನಾನು ನುಡಿಸಿದರೆ ತೊಡೆ ತಟ್ಟುತ್ತಿದ್ದ. ನಡುವೆ ಕರೆಂಟ್ ಹೋದರೆ ನನಗೆ ಗಿಟಾರ್ ಸಣ್ಣಗೆ ಕೇಳುತ್ತಲೇ ಇರುತ್ತಿತ್ತು. ಅದಕ್ಕೆಂದೇ ಆರಿಸಿಕೊಂಡದ್ದು ನಾನು. ಅಪ್ಪನಿಗೆ ಮಾತ್ರ ಅಲ್ಲಿಗೇ ಎಲ್ಲ ನಿಲ್ಲುತ್ತಿತ್ತು. ತೊಡೆ ತಟ್ಟುವುದನ್ನು ಬಿಟ್ಟು ನನ್ನ ಬೆರಳುಗಳನ್ನೇ ನೋಡುತ್ತಾ ಕೂರುತ್ತಿದ್ದ. ನನಗೆ ನುಡಿಸುವುದೇ ಬೇಡವಾಗುತ್ತಿತ್ತು.

ಶೆಟ್ಟಿಕೆರೆಗೆ ಹೋದಾಗ ಮಾವ ಎಲ್ಲ ಸಿದ್ಧ ಮಾಡಿಟ್ಟಿದ್ದ. ಕಾಯಿ ಸುಲಿಯುವವರು ಆಗಲೇ ಬಂದು ಹಿತ್ತಿಲಿನಲ್ಲಿ ಗೂಟ ನೆಟ್ಟುಕೊಂಡು ಬೀಡಿ ಸೇದುತ್ತಿದ್ದರು. ಮಾವನಿಗೆ ಬೇಕಾಗಿದ್ದುದು "ಹೊಡ್ಕಳಿ" ಎಂಬ ಒಂದು ಮಾತು ಅಷ್ಟೇ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಏನ್ ಭಾವ, ಮಗಳಿಗೂ ಇಸ್ಕೂಲ್ ಇಟ್ಟಿದ್ದೀರಾ?" ಎಂದು ನನ್ನನ್ನು ನೋಡಿ ಹಾಸ್ಯ ಮಾಡಿದ. ಅಪ್ಪ ಸುಮ್ಮನೆ ನಕ್ಕ.

ಕಿಟಕಿಯಿಲ್ಲದ ಅಟ್ಟದ ಮೇಲೆ ಒಂದೇ ಬಲ್ಬು. ಹೊಗೆ, ಧೂಳು, ಇಲಿ ಹಿಕ್ಕೆಯ ವಾಸನೆ. ಅಪ್ಪ ಮೊದಲನೆಯ ಕಾಯಿ ಅಲ್ಲಾಡಿಸಿ ನನ್ನನ್ನು ನೋಡಿದ. ಲೊಟಲೊಟ. ತಲೆ ಆಡಿಸಿದೆ. ಎರಡನೆಯದೂ ಚೆನ್ನಾಗಿತ್ತು. ಗೋಡೆಯ ಕಡೆಯಿಂದ ಎತ್ತಿದ್ದು ಗುಳುಕ್ ಎಂದಿತು. ಸುಮ್ಮನಿದ್ದೆ. ಅದರ ಪಕ್ಕದ್ದೂ ಗುಳುಕ್. ಆ ಮೂಲೆಯಲ್ಲಿ ಹೆಂಚು ಸೋರಿದ ಗುರುತಿತ್ತು. ಅಪ್ಪನ ಹಣೆಯ ಮೇಲೆ ಬೆವರು ಕಾಣಿಸಿತು. ಇನ್ನೊಂದು ಕಾಯಿ ಎತ್ತಿದ. ಅಷ್ಟರಲ್ಲಿ ಕರೆಂಟ್ ಹೋಯಿತು.

ಕಗ್ಗತ್ತಲೆ. ಕಾಯಿ ಅಲ್ಲಾಡಿದ್ದು ಕೇಳಿಸಿತು. ಒಳಗೆ ನೀರು ತುಂಬಿಕೊಂಡಿತ್ತು.

"ಏನಾಯ್ತು ಭಾವ? ಹೊಡೀಬಹುದಾ?" ಕೆಳಗಿನಿಂದ ಮಾವ ಗಂಟಲು ಹರಿಯುವಂತೆ ಕೂಗಿದ.

ಕತ್ತಲೆಯಲ್ಲಿ ಅಪ್ಪ ನನ್ನ ತಲೆಯನ್ನು ಹುಡುಕುತ್ತಿದ್ದನೋ ಏನೋ, ಅವನ ಕೈ ನನ್ನ ಭುಜಕ್ಕೆ ತಗುಲಿ, ಅಲ್ಲಿಂದ ಕೆನ್ನೆಗೆ ಏರಿತು. ನಾನು ಜೋರಾಗಿ ತಲೆ ಅಲ್ಲಾಡಿಸಿದೆ, ಇಲ್ಲ ಇಲ್ಲ ಎಂದು. ಅವನ ಕೈಗೆ ತಿಳಿದದ್ದು ತಲೆ ಆಡಿತು ಎಂಬುದಷ್ಟೇ.

"ಆಗೈತೆ! ಹೊಡ್ಕಳಿ!" ಎಂದು ಅಪ್ಪ ಕೂಗಿದ.

"ಇಲ್ಲ ಮಾವ! ನೀರೈತೆ! ಹೊಡೀಬ್ಯಾಡಿ!" ಎಂದು ಕಿರುಚಿಕೊಂಡು ಏಣಿ ಇಳಿದೆ. ಮಾವ ನಕ್ಕುಬಿಟ್ಟ. "ಸುಮ್ಕಿರು ಕಣವ್ವ. ಭಾವನ ಬಾಯಲ್ಲಿ ಬಂದ ಮೇಲೆ ಮುಗೀತು. ನೀನು ಅಟ್ಟ ಹತ್ತಿದ್ದು ಇವತ್ತು." ಕೈ ಹಿಡಿದು ಎಳೆದೆ, ಬೇಡಿಕೊಂಡೆ. ಗೋಡೆ ಕಡೆಯ ಕಾಯಿ ನೀವೇ ನೋಡಿ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆ ಮೂಲೆಯೂ ಸೇರಿ ಇಡೀ ಅಟ್ಟ ಖಾಲಿಯಾಯಿತು. ಅಪ್ಪ ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತ. ಕಾಫಿ ಬಂತು. ನನ್ನ ಮುಖ ನೋಡಿದ. ಅಷ್ಟು ಜನರೆದುರು ಅವನ ಕಿವಿಗೆ ಕೂಗಿ ಹೇಳುವಂತಿರಲಿಲ್ಲ.

ಊಟ ಮುಗಿದು, ಎರಡನೆಯ ಸಲ ಕಾಫಿ ಬರುವ ಹೊತ್ತಿಗೆ ಸುಲಿದ ಕಾಯಿಯ ರಾಶಿ ಆಳೆತ್ತರವಾಗಿತ್ತು. ಆಗ ಚಿಪ್ಪು ಒಡೆಯಲು ಕೂತರು. ಮೊದಲ ನಾಲ್ಕಾರು ಉಂಡೆಯಾಗಿ ಬಂದವು. ಆಮೇಲೆ ಕತ್ತಿಯ ಸದ್ದು ನಿಂತಿತು. ಮತ್ತೆ ಶುರುವಾಗಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದೆ. ಹಸಿ ಚೂರುಗಳು, ಚಿಪ್ಪಿನಲ್ಲಿ ಹುಳಿ ವಾಸನೆಯ ನೀರು. ಸಿಪ್ಪೆ ಬಿಚ್ಚಿದ ಕಾಯಿ ಮತ್ತೆ ಅಟ್ಟಕ್ಕೆ ಹೋಗುವುದಿಲ್ಲ. ಮಾವ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

ಅವನು ಜಗಲಿಗೆ ಬಂದ. ಹಿಂದೆ ಕಾಯಿ ಸುಲಿಯುವವರೂ ಬಂದರು. ಅಕ್ಕನ ಗಂಡ, ಕೂಗಾಡುವಂತಿಲ್ಲ. ಕಂಬ ಹಿಡಿದು, ಬೀದಿಯ ಕಡೆ ಮುಖ ಮಾಡಿ, ತಗ್ಗಿದ ದನಿಯಲ್ಲಿ, "ಭಾವ, ಇನ್ಮೇಲೆ ನಮ್ಮ ಅಟ್ಟ ಹತ್ಬ್ಯಾಡಿ" ಅಂದ.

ಅಪ್ಪ ಲೋಟದಿಂದ ತಲೆ ಎತ್ತಿದ. ಮಾವ ಏನೋ ಅಂದ ಎಂಬುದಷ್ಟು ಗೊತ್ತಾಯಿತು. ಮುಖ ಅರಳಿಸಿ ನಕ್ಕ.

"ಅದಕ್ಕೇನಪ್ಪ, ನಮ್ಮನೇನೇ ಅಲ್ವಾ. ಯಾವಾಗ ಕರೆದ್ರೂ ಬತ್ತೀನಿ" ಅಂದ.

ಮಾವ ಸರಕ್ಕನೆ ತಿರುಗಿದ. ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕಾಯಿ ಸುಲಿಯುವವರಲ್ಲಿ ಒಬ್ಬ ಇನ್ನೊಬ್ಬನ ಮೊಣಕೈ ಮುಟ್ಟಿ, ತನ್ನ ಕಿವಿಯ ಕಡೆ ಬೆರಳು ತೋರಿಸಿದ. ಅಪ್ಪ ಅದನ್ನು ನೋಡಿದ.