ಸೊಸಾಯಿಟಿಯ ನೆಲಕ್ಕೆ ಚರಗ

ಬದ್ಲಾಪುರದ ಮನೆಗೆ ಹೋದ ಮರುದಿನವೇ ಎದುರು ಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತೆ. ತಾಟಿನಲ್ಲಿ ಶೇಂಗಾ ಹೋಳಿಗೆ, ಮೇಲೆ ನನ್ನ ಸೆರಗು. ಬಾಗಿಲು ಬಡಿದೆ. ಒಳಗೆ ಹೆಜ್ಜೆಯ ಸದ್ದಾಯಿತು. ಬಾಗಿಲಿನ ನಡುವೆ ಬಟಾಣಿ ಕಾಳಿನಷ್ಟು ಒಂದು ಗಾಜಿನ ತೂತಿತ್ತು, ಅದು ಕಪ್ಪಾಯಿತು. ಯಾರೋ ಅದಕ್ಕೆ ಕಣ್ಣು ಹಚ್ಚಿ ನನ್ನನ್ನು ನೋಡುತ್ತಿದ್ದರು. ನಾನು ತೂತಿಗೇ ನಕ್ಕೆ. ತೂತು ಮತ್ತೆ ಬೆಳ್ಳಗಾಯಿತು, ಹೆಜ್ಜೆಗಳು ಒಳಗೆ ಹೋದವು, ಬಾಗಿಲು ಮಾತ್ರ ತೆರೆಯಲಿಲ್ಲ. ನಮ್ಮ ಇಂಡಿ ಕಡೆ ಮನೆಗೆ ನುಗ್ಗಿದ ನಾಯಿಯನ್ನೂ ಹಚಾ ಎಂದು ಒಂದು ಮಾತಾಡಿ ಓಡಿಸುತ್ತಾರೆ. ನನಗೆ ಅಷ್ಟೂ ಸಿಗಲಿಲ್ಲ. ಹೋಳಿಗೆ ವಾಪಸು ತಂದು ನಾವಿಬ್ಬರೇ ತಿಂದೆವು.

ನಾನು ಅಗರಖೇಡದವಳು, ನಮ್ಮ ಮನೆಯವರು ಸಿಂದಗಿ ತಾಲೂಕಿನ ಕನ್ನೊಳ್ಳಿಯವರು. ಅವರಿಗೆ ಮುಂಬಯಿ ಬಂದರಿನಲ್ಲಿ ಕ್ರೇನು ನಡೆಸುವ ಕೆಲಸ. ಮದುವೆಯಾದಾಗಿನಿಂದ ನಾವಿದ್ದದ್ದು ಪರೇಲಿನ ಒಂದು ಚಾಳದಲ್ಲಿ. ಚಾಳ ಅಂದರೆ ಒಂದೇ ಉದ್ದ ಪಡಸಾಲೆ, ಅದರ ಗುಂಟ ಸಾಲಾಗಿ ಒಂದೊಂದೇ ಕೋಣೆಯ ಮನೆಗಳು. ಅರ್ಧ ಚಾಳ ನಮ್ಮ ಕಡೆಯವರದೇ, ಇಂಡಿಯವರು, ಮುದ್ದೇಬಿಹಾಳದವರು, ಬಸವನ ಬಾಗೇವಾಡಿಯವರು. ಕಸ್ತೂರಿ ಮುಂಬಯಿಗೆ ಹೋದಳು ಎಂದು ಊರಲ್ಲಿ ದೊಡ್ಡದಾಗಿ ಹೇಳುತ್ತಿದ್ದರು. ನನಗೇನೋ ಸಿಂದಗಿ ಸಂತೆಯಲ್ಲಿ ಕೂತಂತೆಯೇ ಇತ್ತು. ಹಗಲೆಲ್ಲ ಬಾಗಿಲು ಮುಚ್ಚುವ ಪದ್ಧತಿ ಅಲ್ಲಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಚಾಳಕ್ಕೆ ಹೇಳಿ ಮಾಡಿಸಿದ್ದು. ಎಷ್ಟೇ ಸೊಕ್ಕಿನ ಹೆಂಗಸಾದರೂ ಬೆಳಗ್ಗೆ ಕೊಡ ಹಿಡಿದು ಎಲ್ಲರ ನಳದ ಮುಂದೆ ಬರಲೇಬೇಕು, ಬಂದಮೇಲೆ ಜಗಳವಾದರೂ ಆಡಲೇಬೇಕು.

ಆ ಚಾಳ ಕೆಡವುತ್ತಾರೆಂದು ಗೊತ್ತಾದಾಗ ಎಲ್ಲರೂ ದಿಕ್ಕಿಗೊಬ್ಬರಾದೆವು. ಅಷ್ಟರಲ್ಲಿ ಮಗಳನ್ನು ಸೋಲಾಪುರಕ್ಕೆ ಕೊಟ್ಟಾಗಿತ್ತು. ನಾವಿಬ್ಬರು ಊರಿನ ಹೊರಗೆ, ಲೋಕಲ್ ರೈಲು ಹತ್ತಿದರೆ ಒಂದು ನಿದ್ದೆ ಮುಗಿಯುವಷ್ಟು ದೂರದ ಬದ್ಲಾಪುರದಲ್ಲಿ, ಮೂರನೆಯ ಮಾಳಿಗೆಯ ಮನೆ ತೆಗೆದುಕೊಂಡೆವು. ಎರಡು ಕೋಣೆ, ಮನೆಯೊಳಗೇ ಸಂಡಾಸು, ಕಿಟಕಿ ತೆಗೆದರೆ ಗುಡ್ಡ. ಅಡುಗೆ ಮನೆಯ ನಳ ತಿರುವಿದರೆ ನೀರು. ಮೊದಲ ವಾರ ಸುಮ್ಮನೆ ತಿರುವಿ ನೋಡಿ ಖುಷಿಪಟ್ಟೆ. ಎರಡನೆಯ ವಾರ ತಲೆಗೆ ಹೊಳೆಯಿತು, ನೀರೇ ಮನೆಗೆ ಬಂದರೆ ಹೆಂಗಸರು ಎಲ್ಲಿಗೆ ಬರಬೇಕು? ಗಾದೆ ಇಲ್ಲಿ ನಡೆಯುವುದಿಲ್ಲ. ಮಾತಾಡಲು ಜನ ಸಿಗದೆ ನಾನು ಕುಕ್ಕರಿನ ಸಂಗಡ ಮಾತಾಡತೊಡಗಿದೆ.

ಈ ಕಟ್ಟಡಕ್ಕೆ ಎಲ್ಲರೂ ಸೊಸಾಯಿಟಿ ಎನ್ನುತ್ತಿದ್ದರು. ಅದರ ಅರ್ಥ ಮನೆಯವರೇ ಬಿಡಿಸಿ ಹೇಳಿದರು.

"ಈ ಕ್ವಾಣಿ ಅಷ್ಟ ನಮ್ದಲ್ಲ ಕಸ್ತೂರಿ. ಕೆಳಗಿನ ನೆಲದಾಗೂ ನಮ್ದು ಪಾಲು ಐತಿ. ಎಲ್ಲಾ ಮೆಂಬರದು ಕೂಡಿ ಒಂದ ನೆಲ."

"ನಮ್ಮ ಪಾಲು ಯಾವ ಕಡೆ ಬರ್ತೈತ್ರಿ? ಬದು ಎಲ್ಲಿ ಐತಿ?"

"ಬದು ಇಲ್ಲ. ಎಲ್ಲಾ ಕಡೆ ಎಲ್ಲಾರದೂ ಐತಿ."

"ಬದು ಇಲ್ಲದ ಹೊಲ ಅಂದ್ರ ನಮ್ಮ ಕಡೆ ಅಣ್ಣತಮ್ಮರು ಕೋರ್ಟಿನಾಗ ಕುಂಡರ್ತಾರ ನೋಡ್ರಿ" ಎಂದು ನಕ್ಕೆ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಪರೇಲಿನಲ್ಲಿ ಇಷ್ಟು ವರ್ಷ ಇದ್ದೂ ಒಂದು ಹಿಡಿ ಮಣ್ಣು ನಮ್ಮದಿರಲಿಲ್ಲ. ಈಗ ಇತ್ತು.

ಎದುರು ಬಾಗಿಲು ತೆರೆದದ್ದು ನನ್ನ ದಡ್ಡತನದಿಂದ. ಇಲ್ಲಿನ ಬಾಗಿಲಿಗೆ ಲ್ಯಾಚ್ ಎಂಬುದಿರುತ್ತದೆ, ಎಳೆದರೆ ತಾನೇ ಕೀಲಿ ಬೀಳುತ್ತದೆ. ಒಲೆಯ ಮೇಲೆ ಬೇಳೆಯಿಟ್ಟು ಕೆಳಗೆ ಬಂದ ಗಾಡಿಯವನ ಹತ್ತಿರ ಮೆಂತ್ಯ ಸೊಪ್ಪು ತರಲು ಹೋದೆ. ಬಂದು ನೋಡಿದರೆ ಬಾಗಿಲು ಮುಚ್ಚಿದೆ, ಕೀಲಿಕೈ ಒಳಗಿದೆ, ಬೇಳೆ ಕುದಿಯುತ್ತಿದೆ. ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲೇ ಬೈದುಕೊಂಡೆ. ಆಗ ಎದುರು ಮನೆಯ ಸೊಸೆ ಶೋಭಾ ಹೊರಗೆ ಬಂದು, "ಕಾಕು, ಒಳಗ ಬರ್ರಿ, ನಾ ಕೀಲಿಯವನ್ನ ಕರಸ್ತೇನಿ" ಎಂದಳು. ಕಾಕು ಅಂದರೆ ಚಿಕ್ಕಮ್ಮ. ಅವಳು ಆಡಿದ್ದು ಮರಾಠಿ. ಇಲ್ಲಿ ಎಲ್ಲರ ಮಾತನ್ನೂ ನಾನು ನನ್ನ ಬಾಯಿಗೆ ಬಂದಂತೆ ಬರೆಯುತ್ತಿದ್ದೇನೆ, ಅವರೆಲ್ಲ ಅಗರಖೇಡದವರಂತೆ ಕೇಳಿದರೆ ಅದು ನನ್ನ ತಪ್ಪು.

ಬೇಳೆ ಸುಟ್ಟು ಕರಕಲಾಯಿತು, ನಾನು ಮಾತ್ರ ಶೋಭಾಳ ಮನೆಯಲ್ಲಿ ಚಹಾ ಕುಡಿದೆ. ತೂತಿಗೆ ಕಣ್ಣು ಹಚ್ಚುವವರು ಅವಳ ಅತ್ತೆ ಎಂದು ಆಗ ಗೊತ್ತಾಯಿತು. ಅವರು ಕೊಂಕಣದವರು, ಇಡೀ ಕಟ್ಟಡ ಅವರನ್ನು ಆಜಿ ಎನ್ನುತ್ತಿತ್ತು. ಶೋಭಾ ನನ್ನ ಮಗಳ ವಾರಿಗೆಯವಳು. ಎರಡು ಬಸಿರು ನಿಂತಿರಲಿಲ್ಲ, ಈಗ ಮೂರನೆಯದು. ಅದಕ್ಕೇ ಆಜಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ಬಯಕೆಗೆ ಅತ್ತೆಯ ಕಾವಲು ತಡೆದೀತೇ? ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಅವಳ ನಾಲಗೆಗೆ ಹತ್ತಿತು. ಮಧ್ಯಾಹ್ನ ಆಜಿ ಅಡ್ಡಾದೊಡನೆ ಈ ಹುಡುಗಿ ನನ್ನ ಅಡುಗೆ ಮನೆಗೆ ಬಂದು ಕೂರುತ್ತಿದ್ದಳು. ನಾನು ಬಡಿಯುವುದು, ಅವಳು ತಿನ್ನುವುದು. ನನ್ನ ಹರುಕುಮುರುಕು ಮರಾಠಿಗೆ ನಗುತ್ತ ನಗುತ್ತ ತಿದ್ದುತ್ತಿದ್ದಳು. ಆ ಕಟ್ಟಡದಲ್ಲಿ ನನಗಿದ್ದ ಬಳಗವೆಂದರೆ ಅವಳೊಬ್ಬಳೇ.

ಹೀಗಿರುವಾಗ ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಬಂತು. ಊರಲ್ಲಿ ಆ ಹೊತ್ತಿಗೆ ಬಿಳಿಜೋಳ ಹೊಡೆ ಹಿರಿದು ನಿಂತಿರುತ್ತದೆ. ಬಸುರಿ ಭೂಮಿತಾಯಿಗೆ ಬಯಕೆಯೂಟ ಕೊಡುವ ದಿನ. ನಮ್ಮಪ್ಪ ಕಡಬು, ಪುಂಡಿಪಲ್ಲೆ, ಬಾನದ ಅನ್ನ ಎಲ್ಲ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನಾನು "ಚಲ್ಲಾಂಬರಿಗೋ" ಎಂದು ಓಗೊಡುತ್ತಿದ್ದೆ. ಚಾಳದಲ್ಲಿದ್ದಾಗ ಅಡುಗೆ ಮಾಡಿ ಹಂಚಿ ಉಣ್ಣುತ್ತಿದ್ದೆವು, ಚೆಲ್ಲಲು ನೆಲ ಎಲ್ಲಿತ್ತು? ಈ ಸಲ ನಮ್ಮ ಪಾಲಿನ ನೆಲವಿತ್ತು. ಬದುವಿಲ್ಲವೆಂದ ಮೇಲೆ ಇಡೀ ಕಟ್ಟಡದ ಸುತ್ತಲೂ ಚೆಲ್ಲಬೇಕಾದದ್ದು ನ್ಯಾಯವೇ. ಇದು ನನ್ನ ಲೆಕ್ಕಾಚಾರ.

ಮನೆಯವರು ಡ್ಯೂಟಿಗೆ ಹೋಗಿದ್ದರು. ನಡುಮಧ್ಯಾಹ್ನ ಇಳಕಲ್ ಸೀರೆಯುಟ್ಟು ಬುಟ್ಟಿ ಹೊತ್ತು ಕೆಳಗಿಳಿದೆ. ಕಂಪೌಂಡಿನ ಮೂಲೆಯಿಂದ ಸುರು ಮಾಡಿ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದೆ. ಹಿಂದೆ ಯಾರೂ ಇರಲಿಲ್ಲ. ನಾನೇ ತಂಬಿಗೆಯ ನೀರು ಚಿಮುಕಿಸಿ "ಚಲ್ಲಾಂಬರಿಗೋ" ಎಂದೆ. ಒಬ್ಬಳೇ ಕೂಗಿ ಒಬ್ಬಳೇ ಓಗೊಡುತ್ತ ಸುತ್ತು ಮುಗಿಸಿದೆ. ಒಂದೊಂದೇ ಕಿಟಕಿ ತೆರೆದು ಜನ ಇಣುಕಿದರು. ಕೊನೆಗೂ ಇವರು ಕಿಟಕಿಯನ್ನಾದರೂ ತೆರೆದರಲ್ಲ ಎಂದು ಸಂತೋಷವಾಗಿ ನಾನು ಕೈ ಬೀಸಿದೆ.

ಅಮಾವಾಸ್ಯೆಯ ದಿನ, ಒಬ್ಬ ಪರಸ್ಥಳದ ಹೆಂಗಸು, ಕಲಸಿದ ಅನ್ನ ಚೆಲ್ಲುತ್ತ, ತಿಳಿಯದ ಮಾತು ಕೂಗುತ್ತ ಕಟ್ಟಡಕ್ಕೆ ಸುತ್ತು ಹಾಕಿದರೆ ನೋಡುವವರಿಗೆ ಏನು ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಸಂಜೆ ಶೋಭಾಳಿಗೆ ಹೊಟ್ಟೆನೋವು ಬಂತು, ರಕ್ತ ಕಂಡಿತು, ಆಸ್ಪತ್ರೆಗೆ ಒಯ್ದರು. ಮಗು ಉಳಿದಿದೆ, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದರಂತೆ. ಅವಳು ಮನೆಗೆ ಬಂದಾಗ ನೋಡಲು ಹೋದೆ. ಬಾಗಿಲಿನ ತೂತು ಕಪ್ಪಾಯಿತು. ಒಳಗಿನಿಂದ ಆಜಿಯ ದನಿ ಬಂತು, "ಕರಣಿ ಮಾಡಿದಾಕಿ ನನ್ನ ಹೊಸ್ತಿಲ ತುಳೀಬ್ಯಾಡ." ಕರಣಿ ಅಂದರೆ ನಾವು ಮಾಟ, ಬಾನಾಮತಿ ಅನ್ನುತ್ತೇವಲ್ಲ, ಅದು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕೈಯ ರೊಟ್ಟಿ ತಿಂದ ಮನೆಯ ಜನ ನನಗೆ ಈ ಮಾತು ಅನ್ನುವುದೇ? ಕನ್ನಡದಲ್ಲಿ ನಾಲ್ಕು ಜಾಡಿಸಿ ಬಂದೆ. ನಮ್ಮ ಮನೆಯೊಳಗೆ ಬಂದು ಅತ್ತುಬಿಟ್ಟೆ. ಸೆಕ್ರೆಟರಿ ಬಂದು, ರವಿವಾರ ಮೀಟಿಂಗ್ ಇದೆ, ನೀವು ಬಂದು ಉತ್ತರ ಕೊಡಬೇಕು ಎಂದರು. ಸೊಸಾಯಿಟಿಯ ಕಾಗದದಲ್ಲಿ ಮನೆ ನಮ್ಮ ಹೆಸರಿಗೆ ವರ್ಗವಾಗುವ ಕೆಲಸ ಇನ್ನೂ ಬಾಕಿಯಿತ್ತು, ಅವರು ಬೇಡವೆಂದರೆ ತೊಡಕಾಗುತ್ತಿತ್ತು.

"ಮನಿ ಮಾರಿ ಕನ್ನೊಳ್ಳಿಗಿ ಹೋಗೂನು ನಡಿ" ಎಂದರು ಮನೆಯವರು. "ಈ ಮಂದಿ ನಮಗ ಹೊಂದೂದಿಲ್ಲ."

"ಹೋದ್ರ ಹೋಗೂನ್ರಿ. ಆದ್ರ ಮಾಟಗಾತಿ ಅನ್ನಿಸ್ಕೊಂಡು ನಾ ಹೋಗೂದಿಲ್ಲ" ಎಂದೆ. ಬಾಯಲ್ಲಿ ಆಡಿದ್ದು ಅದು. ನಿಜ ಬೇರೆ ಇತ್ತು. ಮನೆ ಹೋದರೆ ಹೋಗಲಿ. ಆ ಹುಡುಗಿ ನಾನು ತನ್ನ ಮಗುವಿಗೆ ಕೆಡುಕು ಬಯಸಿದೆ ಎಂದು ತಿಳಿದು ಎದುರು ಗೋಡೆಯ ಆಚೆ ಮಲಗಿದ್ದಾಳಲ್ಲ, ಅದನ್ನು ನನಗೆ ತಾಳಲಾಗಲಿಲ್ಲ.

ಮೀಟಿಂಗು ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನಡೆಯಿತು. ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಆಜಿ ಎದ್ದು ನಿಂತು ಕೇಳಿದರು, "ಅವತ್ತು ಏನ ಚೆಲ್ಲಿದಿ? ಯಾರ ಮ್ಯಾಲ ಚೆಲ್ಲಿದಿ?"

ಹೊಲ ಅಂದೆ, ಪೂಜೆ ಅಂದೆ, ನಮ್ಮ ಕಡೆಯ ಪದ್ಧತಿ ಅಂದೆ. ಇಲ್ಲಿ ಹೊಲ ಎಲ್ಲಿದೆ ಎಂದು ಯಾರೋ ನಕ್ಕರು. ನನ್ನ ಮರಾಠಿ ಅಲ್ಲಿಗೇ ನಿಂತಿತು. ಆಗ ಶೋಭಾ ರೊಟ್ಟಿ ಕೇಳುವಾಗೆಲ್ಲ ಆಡುತ್ತಿದ್ದ ಮಾತೊಂದು ನೆನಪಾಯಿತು, ಡೋಹಾಳೆ. ಬಸುರಿಯ ಬಯಕೆಗೆ ಅವರು ಹಾಗೆನ್ನುತ್ತಾರೆ.

"ಆಜಿ, ಆ ಹೊತ್ತಿಗಿ ಪೀಕು ಹೊಟ್ಟಿಲೆ ಇರ್ತಾವು. ನೆಲ ಬಸರಿ ಇರ್ತೈತಿ. ನೆಲಕ್ಕ ಡೋಹಾಳೆ ಇರ್ತಾವು. ಬಸರಿಗಿ ಉಣ್ಣಾಕ ಕೊಟ್ಟೆ ನಾನು. ಬಸರಿಗಿ ಯಾರರ ಕೆಟ್ಟದ್ದು ಉಣಸ್ತಾರೇನ್ರಿ?"

ಯಾರೂ ನಗಲಿಲ್ಲ. ಆಜಿ ಮಾಟದ ಸಾಮಾನು ಒಂದೊಂದಾಗಿ ಕೇಳಿದರು.

"ಲಿಂಬಿಹಣ್ಣು ಇತ್ತೇನು?"

"ಇಲ್ಲ."

"ಮೆಣಸಿನಕಾಯಿ?"

"ಪಲ್ಲೇದಾಗ ಇತ್ತು."

"ನಾಳಿ ಭೋಗಿ ಐತಿ. ಅವತ್ತು ಚೆಲ್ಲಿದ್ದು ಏನೇನ ಐತಿ, ಅಷ್ಟೂ ಮಾಡಿ ನನ್ನ ಮನಿಗಿ ತಾ. ಮೊದಲ ನೀ ತಿನ್ನು, ನಾ ನೋಡ್ತೇನಿ."

ಭೋಗಿ ಅಂದರೆ ಸಂಕ್ರಾಂತಿಯ ಹಿಂದಿನ ದಿನ, ಅವರೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉಣ್ಣುತ್ತಾರೆ. ಆದರೆ ಎಲ್ಲರೆದುರು ಹೀಗೆ ಹೇಳಿಸಿಕೊಂಡು ನನಗೆ ಮೈಯೆಲ್ಲ ಉರಿಯಿತು. ಇಲಿಗೆ ಪಾಷಾಣ ಇಟ್ಟವಳನ್ನು ಪರೀಕ್ಷಿಸುವ ಹಾಗಾಯಿತಲ್ಲ. ಮನೆಯವರು ಬ್ಯಾಡ ಎಂದು ಕಣ್ಸನ್ನೆ ಮಾಡಿದರು. ನಾನು ಆಗಲಿ ಎಂದುಬಿಟ್ಟೆ.

ಮರುದಿನ ಕಡಬು, ಪುಂಡಿಪಲ್ಲೆ, ಬಾನ, ಸಜ್ಜೆ ರೊಟ್ಟಿ ಮಾಡಿ ಬುಟ್ಟಿ ಹೊತ್ತು ಹೋದೆ. ಈ ಸಲ ಬಾಗಿಲು ಅರ್ಧ ತೆರೆಯಿತು. ಹೊಸ್ತಿಲ ಹೊರಗೇ ಕೂರಿಸಿದರು. ಎಲ್ಲದರಲ್ಲೂ ಒಂದೊಂದು ತುತ್ತು ತಿಂದೆ, ಆಜಿ ನೋಡಿದರು. ಅವಮಾನವಾಗಿ ಕಣ್ಣಲ್ಲಿ ನೀರು ಬಂತು, ತಿನ್ನುವುದು ನಿಲ್ಲಿಸಲಿಲ್ಲ. ಆಮೇಲೆ ಆಜಿ ಕಡಬು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಮುರಿದರು.

"ಉಪ್ಪು ಕಡಿಮಿ ಐತಿ" ಎಂದರು. "ಒಳಗ ಬಾ. ಆಕಿಗಿ ನಿನ್ನ ಕೈಲೇ ಉಣಸು. ಮೂರು ದಿನಾತು, ನಾ ಬಡಿದ ರೊಟ್ಟಿ ಮುಟ್ಟವಲ್ಲಳು."

ಶೋಭಾ ಗೋಡೆಗೆ ದಿಂಬು ಇಟ್ಟು ಒರಗಿದ್ದಳು. ನನ್ನನ್ನು ಕಂಡದ್ದೇ ಬಿಕ್ಕಿ ಅತ್ತಳು. "ನಾ ಅವರ ಮಾತು ನಂಬಿರಲಿಲ್ಲ ಕಾಕು" ಎಂದಳು. ನಂಬಿರಬಹುದು, ಬಸುರಿ ಏನನ್ನು ನಂಬುವುದಿಲ್ಲ? ನಾನು ಕೇಳಲು ಹೋಗಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಕೊಟ್ಟೆ. ಚೈತ್ರ ಕಳೆದು ಬಿಸಿಲು ಏರಿದಾಗ ಹೆಣ್ಣು ಕೂಸು ಹುಟ್ಟಿತು. ಸೊಸಾಯಿಟಿಯ ಕಾಗದಕ್ಕೆ ನಮ್ಮ ಹೆಸರೂ ಏರಿತು.

ಮರುವರ್ಷದ ಎಳ್ಳಮಾಸಿಗೆ ಸೆಕ್ರೆಟರಿಗೆ ಮೊದಲೇ ತಿಳಿಸಿ ಚರಗ ಚೆಲ್ಲಿದೆ. ಹಿಂದೆ ತಂಬಿಗೆ ಹಿಡಿದು ಬಂದವಳು ಶೋಭಾ. "ಚಲ್ಲಾಂಬರಿಗೋ" ಎಂಬುದನ್ನು ಅವಳು ಮರಾಠಿಯ ರಾಗದಲ್ಲಿ ಎಳೆಯುತ್ತಿದ್ದಳು. ಕೂಸನ್ನು ಎತ್ತಿಕೊಂಡು ಆಜಿ ಕಿಟಕಿಯಲ್ಲಿ ನಿಂತು, ಆ ಮೂಲೆ ಬಿಟ್ಟಿರಿ, ಈ ಮೂಲೆ ಬಿಟ್ಟಿರಿ ಎಂದು ಮೇಲಿನಿಂದ ಹುಕುಂ ಮಾಡಿದರು.

ಅದರ ಮುಂದಿನ ವರ್ಷ ತಮ್ಮ ಬಿಡಲೇ ಇಲ್ಲ, ಎಳ್ಳಮಾಸಿಗೆ ಅಗರಖೇಡಕ್ಕೆ ಕರೆಸಿಕೊಂಡ. ಎಷ್ಟು ವರ್ಷಗಳ ಮೇಲೆ ಕಪ್ಪು ನೆಲ ತುಳಿದೆ. ತಮ್ಮ ಮುಂದೆ, ನಾನು ಹಿಂದೆ. ಅವನು ಕೂಗಿದ, ನಾನು ಓಗೊಟ್ಟೆ. ಆಚೆ ಹೊಲದಿಂದಲೂ ಅದೇ ಕೂಗು ಬಂತು. ಬೇಕಾದದ್ದೆಲ್ಲ ಇತ್ತು. ಆದರೂ ಜೋಳದ ನಡುವೆ ನಿಂತು ನಾನು ಬದ್ಲಾಪುರದ ಕಂಪೌಂಡಿನ ಮೂಲೆಗಳನ್ನು ನೆನೆಯುತ್ತಿದ್ದೆ.

ತಮ್ಮನ ಮನೆಗೆ ಆಗಷ್ಟೇ ಫೋನು ಬಂದಿತ್ತು. ಸಂಜೆ ಶೋಭಾಳಿಗೆ ಹಚ್ಚಿದೆ.

"ಚೆಲ್ಲಿದೆ ಕಾಕು" ಎಂದಳು. "ಕೂಸಿನ್ನ ಬಗಲಾಗ ಇಟ್ಕೊಂಡು ಎಲ್ಲಾ ಮೂಲಿಗೂ ಚೆಲ್ಲಿದೆ. ಓಗೊಡಾಕ ಯಾರೂ ಇರಲಿಲ್ಲ, ನಾನ ಕೂಗಿ ನಾನ ಓಗೊಟ್ಟೆ. ಯಾವಾಗ ಬರ್ತೀರಿ?"

ಫೋನು ಇಟ್ಟು ಅಂಗಳಕ್ಕೆ ಬಂದೆ.

"ನಾಳಿ ಹೊಂಡ್ತೇನಿ" ಎಂದೆ ತಮ್ಮನಿಗೆ.

"ಸಂಕ್ರಮಣಾ ಮಾಡಿ ಹೋಗ್ತೇನಿ ಅಂದಿದ್ದಿ. ಯಾಕಬೇ ಅಕ್ಕ, ಏನಾತು?"

"ಏನಿಲ್ಲೋ. ಮನಿ ನೆನಪಾತು."

ತಮ್ಮನ ಬೆನ್ನ ಹಿಂದೆ, ನಾನು ಹುಟ್ಟಿದ ಮನೆಯ ಬಾಗಿಲು ಹಾರು ಹೊಡೆದಿತ್ತು.