ಅಪ್ಪಿ ಮಡಚಿದ ಬರಿಟೊ

ಉರ್ವ ಮಾರ್ಕೆಟಿನ ಹಿಂದಿನ ಎರಡನೆಯ ಓಣಿಯಲ್ಲಿರುವ ಅಪ್ಪಿ ಒಂಬತ್ತನೆಯ ವಯಸ್ಸಿನಿಂದ ಬೀಡಿ ಕಟ್ಟಿದವಳು. ಈಗ ಅವಳಿಗೆ ಅರವತ್ತೇಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಲವತ್ತೊಂದು ವರ್ಷ ನಾವಿಬ್ಬರೂ ಒಂದೇ ಜಗಲಿಯಲ್ಲಿ, ಮಡಿಲಲ್ಲಿ ಬಿದಿರಿನ ತಡಪೆ ಇಟ್ಟುಕೊಂಡು ಕುಳಿತವರು. ನಾನು ದಿನಕ್ಕೆ ಆರುನೂರು ಬೀಡಿ ಕಟ್ಟಿದರೆ ಅವಳು ಸಾವಿರ ಕಟ್ಟುತ್ತಿದ್ದಳು.

ಕಟ್ಟಿದ್ದನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಬೇಕು. ಅಲ್ಲಿ ಚೆಕ್ಕರ್ ಕುಳಿತಿರುತ್ತಾರೆ. ಅವರು ಕಟ್ಟಿನಿಂದ ಬೀಡಿ ಎತ್ತಿ ಎರಡು ಬೆರಳಿನಲ್ಲಿ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ, ಮೂತಿ ಬಿಟ್ಟುಕೊಂಡಿದ್ದರೆ, ನಮ್ಮ ಕಣ್ಣೆದುರೇ ಮುರಿದು "ರಿಜೆಕ್ಟ್" ಎಂದು ಪಕ್ಕಕ್ಕೆ ಹಾಕುತ್ತಾರೆ. ನನ್ನದನ್ನು ಎಷ್ಟೋ ಸಲ ಮುರಿದಿದ್ದಾರೆ. ಅಪ್ಪಿಯದನ್ನೂ ಮುರಿದಿದ್ದಾರೆ, ಆದರೆ ಅಪರೂಪಕ್ಕೆ.

ಕಳೆದ ವರ್ಷ ಅಷ್ಟಮಿ ಕಳೆದ ಮೇಲೆ ನಮ್ಮ ಬ್ರಾಂಚ್ ಮುಚ್ಚಿತು. ಇನ್ನು ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ ಎಂದರು. ನನಗೆ ಅಷ್ಟೇನೂ ಅನ್ನಿಸಲಿಲ್ಲ, ಬೆನ್ನು ನೋವಿಗೆ ಬಿಡುಗಡೆ ಎಂದುಕೊಂಡೆ. ಅಪ್ಪಿಗೆ ಹಾಗಾಗಲಿಲ್ಲ. ಮಗಳು ವಿಜೇತಾ, "ಇನ್ನಾದರೂ ಸುಮ್ಮನೆ ಕೂತ್ಕೊ ಅಮ್ಮ, ಟಿವಿ ನೋಡು" ಎಂದಳು. ಅಪ್ಪಿ ಟಿವಿಯೆದುರು ಕುಳಿತಳು. ಆದರೆ ಅವಳ ಬೆರಳುಗಳು ಬಸ್ಸಿನ ಟಿಕೆಟನ್ನು ಸುರುಳಿ ಮಾಡಿ ಮೂತಿ ಮುಚ್ಚುತ್ತಿದ್ದವು. ಅಂಗಳಕ್ಕೆ ಬಿದ್ದ ಹಲಸಿನ ಎಲೆಯನ್ನೂ ಬಿಡಲಿಲ್ಲ.

ಒಂದು ದಿನ ನನ್ನ ಹತ್ತಿರ ಹೇಳಿದಳು, "ಕಿನ್ನಿ, ಮನೆಯಲ್ಲಿ ಅನ್ನ ಉಂಟು, ಮಗಳು ಅಳಿಯ ಚೆನ್ನಾಗಿ ನೋಡ್ತಾರೆ. ಆದರೆ ಈ ಕೈಗೆ ಎಂತ ಉಂಟು, ಹೇಳು ನೋಡುವ?"

ಅದಾಗಿ ಒಂದು ತಿಂಗಳಿಗೆ ವಿಜೇತಾಳ ಮಗಳು ತೃಷಾ ಡಿಗ್ರಿ ಪಾಸಾದಳು. ನಮ್ಮಿಬ್ಬರನ್ನೂ ಹೊರಗೆ ಊಟಕ್ಕೆ ಹೊರಡಿಸಿದಳು.

"ಮೆಕ್ಸಿಕನ್ ಹೋಟೆಲ್ ಅಜ್ಜಿ, ಬಲ್ಮಠದಲ್ಲಿ. ರೇಟ್ ಜಾಸ್ತಿ ಇಲ್ಲ, ನಮ್ಮ ಕಾಲೇಜಿನವರೆಲ್ಲ ಅಲ್ಲಿಗೇ ಹೋಗುವುದು."

"ಅಲ್ಲಿ ಗಂಜಿ ಸಿಗ್ತದಾ?" ಎಂದು ಅಪ್ಪಿ ಕೇಳಿದಳು.

"ನೀನು ಸುಮ್ಮನೆ ಬಾ ಮಾರಾಯ್ತಿ."

ಏಳು ಮೇಜುಗಳ ಸಣ್ಣ ಹೋಟೆಲು. ಹಳದಿ ಗೋಡೆ. ಅಡುಗೆ ಮಾಡುವುದು ಎದುರಿಗೇ ಕಾಣುತ್ತದೆ. ನಡೆಸುವವನು ದೀಕ್ಷಿತ್ ಎಂಬ ಹುಡುಗ, ದುಬೈಯಲ್ಲಿ ಇಂಥದ್ದೇ ಹೋಟೆಲಿನಲ್ಲಿ ಅಡುಗೆ ಕಲಿತು ಬಂದವನು. ತೃಷಾ ಮೂರು ಬರಿಟೊ ಹೇಳಿದಳು. ದೊಡ್ಡ ಮೈದಾ ರೊಟ್ಟಿಯೊಳಗೆ ಅನ್ನ, ರಾಜ್ಮಾ, ಕೋಳಿ, ಬೆಣ್ಣೆಹಣ್ಣು ಇಟ್ಟು ಸುರುಳಿ ಮಾಡಿದ್ದು ಅದು. ತೃಷಾ ಒಂದು ಸಲ ಕಚ್ಚಿದಳು, ರಾಜ್ಮಾ ಎಲ್ಲ ಚೂಡಿದಾರದ ಮೇಲೆ ಬಿತ್ತು.

ಅಪ್ಪಿ ತನ್ನದನ್ನು ಕಚ್ಚಲಿಲ್ಲ. ಎತ್ತಿದಳು, ಎರಡು ಬೆರಳಿನಲ್ಲಿ ಒತ್ತಿದಳು, ತುದಿ ತಿರುಗಿಸಿ ನೋಡಿದಳು. ನಾನು ಬೇಡ ಅನ್ನುವುದರೊಳಗೆ ಅದನ್ನು ಎರಡು ತುಂಡು ಮಾಡಿ ತಟ್ಟೆಯ ಪಕ್ಕಕ್ಕೆ ಹಾಕಿದಳು.

"ರಿಜೆಕ್ಟ್."

ದೀಕ್ಷಿತ್ ಓಡಿ ಬಂದ. "ಎಂತ ಆಯ್ತು ಅಜ್ಜಿ? ರುಚಿ ಇಲ್ವಾ?"

"ರುಚಿ ನಾನೆಲ್ಲಿ ನೋಡಿದೆ? ಕಟ್ಟಿದ್ದು ಸರಿ ಇಲ್ಲ. ಎಲೆ ಒಣಗಿದೆ."

"ಎಲೆ ಅಲ್ಲ, ರೊಟ್ಟಿ ಅದು."

"ಎಂತದೇ ಆಗಲಿ ಮಾರಾಯ, ಒಣಗಿದ್ದನ್ನು ಮಡಚಿದರೆ ಒಡೀತದೆ."

ತೃಷಾ ಮುಖ ಮುಚ್ಚಿಕೊಂಡಳು. "ಅಜ್ಜೀ, ಎಲ್ಲರ ಎದುರು ಮಾನ ತೆಗೀಬೇಡ."

ದೀಕ್ಷಿತನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಸಾಕಾಗಿತ್ತು. "ದಿನಾ ಇದೇ ಕಂಪ್ಲೇಂಟ್. ಗೊತ್ತಿದ್ದರೆ ನೀವೇ ಬಂದು ಕಟ್ಟಿ ತೋರಿಸಿ" ಎಂದ. ತಮಾಷೆಗೆ ಹೇಳಿದ್ದು. ಅಪ್ಪಿ ಎದ್ದೇ ಬಿಟ್ಟಳು.

ಸೋಪು ಹಾಕಿ ಮೂರು ಸಲ ಕೈ ತೊಳೆದಳು. ಬ್ರಾಂಚ್ ಮುಚ್ಚಿ ಅಷ್ಟು ದಿನ ಆಗಿದ್ದರೂ ಕೈಯಲ್ಲಿ ಹೊಗೆಸೊಪ್ಪಿನ ಘಾಟು ಇರಬಹುದೆಂದು ಮೂಸಿಯೂ ನೋಡಿದಳು. ಆಮೇಲೆ ಒಂದು ರೊಟ್ಟಿ ತೆಗೆದು ಸುತ್ತಿದಳು. ಆದದ್ದು ಎಂತ? ಒಂದು ತುದಿ ಸಪೂರ, ಇನ್ನೊಂದು ತುದಿ ದಪ್ಪ, ಒಂದು ಮೊಳದ ಬೀಡಿ.

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ದೀಕ್ಷಿತ್, "ಇದಕ್ಕೆ ಬೆಂಕಿಪೆಟ್ಟಿಗೆ ಬೇಕಾ ಅಜ್ಜಿ?" ಎಂದ.

ಅಪ್ಪಿ ನಗಲಿಲ್ಲ, ಅಳಲೂ ಇಲ್ಲ. ಸುರುಳಿಯನ್ನು ನಿಧಾನವಾಗಿ ಬಿಚ್ಚಿ, ಎಲ್ಲಿ ಒಡೆದಿದೆ ಎಂದು ನೋಡಿದಳು. "ಒಂದು ಒದ್ದೆ ಬಟ್ಟೆ ಕೊಡು" ಎಂದಳು. ಕೊಟ್ಟರು. ಚೆನ್ನಾಗಿ ಹಿಂಡಿ, ಬಿಸಿ ರೊಟ್ಟಿಗಳನ್ನು ಅದರಲ್ಲಿ ಸುತ್ತಿಟ್ಟಳು. ಬೀಡಿ ಎಲೆಯನ್ನು ನಾವು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದದ್ದು ಹೀಗೆಯೇ. ದೀಕ್ಷಿತ್ ಕೈ ಹಾಕಲು ಹೋದಾಗ, "ಅವಸರ ಬೇಡ, ಅದು ಹದ ಆಗಲಿ" ಎಂದು ತಡೆದಳು.

ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯೊಳಗಿಂದ ಒಂದು ರೊಟ್ಟಿ ತೆಗೆದಳು. ಈ ಸಲ ಅನ್ನ, ರಾಜ್ಮಾ ಎಲ್ಲವನ್ನೂ ನಡುವಿನಲ್ಲಿ ಸಮವಾಗಿ ಇಟ್ಟಳು. ಎರಡು ಬದಿ ಒಳಗೆ ಮಡಚಿದಳು. ಹೆಬ್ಬೆರಳಿನಿಂದ ಹತ್ತಿರದ ಅಂಚನ್ನು ಎತ್ತಿ, ಹೂರಣದ ಮೇಲೆ ಹಾಕಿ, ತನ್ನ ಕಡೆಗೆ ಒಮ್ಮೆ ಬಿಗಿಯಾಗಿ ಎಳೆದು, ಉರುಳಿಸಿದಳು. ಮಡಿಕೆ ಕೆಳಗೆ ಬರುವಂತೆ ಕಾವಲಿಯ ಮೇಲೆ ಇಟ್ಟಳು. ಆಮೇಲೆ ದೀಕ್ಷಿತನ ಕೈಗೆ ಕೊಟ್ಟಳು.

"ಒತ್ತಿ ನೋಡು."

ಅವನು ಒತ್ತಿದ. ಅಲ್ಲಾಡಿಸಿದ. ಮೇಲಕ್ಕೆ ಎಸೆದು ಹಿಡಿದ. ಕತ್ತಿಯಿಂದ ಎರಡು ಮಾಡಿದ, ಒಂದು ಕಾಳು ಕೂಡ ಬೀಳಲಿಲ್ಲ.

ಮೊದಲು ಚಪ್ಪಾಳೆ ಹೊಡೆದದ್ದು ತೃಷಾ. ಆಮೇಲೆ ಏಳೂ ಮೇಜಿನವರು ಹೊಡೆದರು. ಆ ಮಧ್ಯಾಹ್ನ ಅಪ್ಪಿ ಹತ್ತೊಂಬತ್ತು ಬರಿಟೊ ಕಟ್ಟಿದಳು, ಒಂದೂ ಬಿಚ್ಚಿಕೊಳ್ಳಲಿಲ್ಲ. ಕೊನೆಯದನ್ನು ನಾವಿಬ್ಬರು ಹಂಚಿಕೊಂಡು ತಿಂದೆವು. ಲಿಂಬೆಹುಳಿ, ಸುಟ್ಟ ಮೆಣಸು, ಚೆನ್ನಾಗಿತ್ತು. ಬೆಣ್ಣೆಹಣ್ಣನ್ನು ನಾನು ಜ್ಯೂಸಿನಲ್ಲಿ ಬಿಟ್ಟರೆ ಬೇರೆ ಕಡೆ ತಿಂದಿರಲಿಲ್ಲ.

ದೀಕ್ಷಿತ್ ಮೇಜಿನ ಹತ್ತಿರ ಬಂದು ನಿಂತ. "ಅಜ್ಜಿ, ನಾಳೆಯಿಂದ ಬರ್ತೀರಾ? ಹನ್ನೊಂದರಿಂದ ಮೂರು."

ಅಪ್ಪಿ ಬಾಯಿ ಒರೆಸಿಕೊಂಡಳು. "ಬರ್ತೇನೆ. ಆದರೆ ಒಂದು ಮಾತು. ನಾನು ಕಟ್ಟಿದ್ದು ಮಾತ್ರ ಅಲ್ಲ, ಯಾರು ಕಟ್ಟಿದ್ದಾದರೂ ನಾನು ಒತ್ತಿ ನೋಡದೆ ಹೊರಗೆ ಹೋಗಬಾರದು."

"ಆಯ್ತು. ನೀವೇ ಚೆಕ್ಕರ್."

ಆ ಮಾತು ಕೇಳಿ ಅವಳು ನನ್ನ ಕಡೆ ತಿರುಗಿದಳು. ಐವತ್ತೆಂಟು ವರ್ಷ ಚೆಕ್ಕರನ ಎದುರು ಕೈಕಟ್ಟಿ ನಿಂತವಳು.

ಈಗ ಎಂಟು ತಿಂಗಳಾಯಿತು. ಹತ್ತೂವರೆಯ ಸಿಟಿ ಬಸ್ಸು ಹತ್ತುತ್ತಾಳೆ. ಮನೆಯಲ್ಲಿ ಬಸ್ ಟಿಕೆಟು ಟಿಕೆಟಾಗಿಯೇ ಇರುತ್ತದೆ. ಶನಿವಾರ ನಾನೂ ಹೋಗುತ್ತೇನೆ. ಮೊನ್ನೆ ಗಿರಾಕಿ ಜಾಸ್ತಿ ಇದ್ದರು, ದೀಕ್ಷಿತ್ ತಾನೇ ಒಂದು ಕಟ್ಟಿ ತಟ್ಟೆಗೆ ಇಟ್ಟ. ಅಪ್ಪಿ ಎತ್ತಿದಳು, ಒತ್ತಿದಳು, ಎರಡು ತುಂಡು ಮಾಡಿದಳು.

"ಓನರನ್ನೂ ಬಿಡುವುದಿಲ್ವಾ ಅಜ್ಜಿ?"

"ಮೆತ್ತಗೆ ಉಂಟು. ಇನ್ನೊಂದು ಕಟ್ಟು" ಎಂದು, ಎರಡೂ ತುಂಡನ್ನು ನನ್ನ ತಟ್ಟೆಗೆ ಹಾಕಿದಳು.