ನಾಲ್ಕನೇ ಇಯತ್ತೆ ನಪಾಸಾದ ಅಕ್ಕೋರು

ನನಗೆ ಅ, ಆ, ಇ, ಈ ಕಲಿಸಿದ ಸಾವಕ್ಕ ನಾಲ್ಕನೇ ಇಯತ್ತೆಯಲ್ಲಿ ಮೂರು ಸಲ ನಪಾಸಾದವಳು. ನಗುವವರು ನಗಲಿ. ಅವಳ ಕೈಯಲ್ಲಿ ಕಲಿತ ಒಬ್ಬ ಹುಡುಗನೂ ನಪಾಸಾಗಲಿಲ್ಲ, ನನ್ನಂಥ ದಡ್ಡ ಕೂಡ.

ಅಮರಗೋಳದ ಆಚೆ ಹೊಲಗಳ ನಡುವೆ ನಮ್ಮ ಸಣ್ಣ ಊರು. 1958ರಲ್ಲಿ ನಾನು ಸಾಲಿಗೆ ಸೇರಿದಾಗ ಅಲ್ಲಿದ್ದದ್ದು ಒಂದು ಖೋಲಿ, ಒಂದು ಹಲಗೆ, ನಾಲ್ಕು ಇಯತ್ತೆ, ಅರವತ್ತು ಮಕ್ಕಳು ಮತ್ತು ಒಬ್ಬರೇ ಮಾಸ್ತರರು. ಅವರ ಹೆಸರು ಚನ್ನಯ್ಯ. ಪಾಪ, ಕೆಟ್ಟವರಲ್ಲ. ಆದರೆ ಸರಕಾರಕ್ಕೆ ಏನೇ ಕೆಲಸ ಬಿದ್ದರೂ ನೆನಪಾಗುತ್ತಿದ್ದವರು ಅವರೇ. ದನ ಎಣಿಸಲು ಚನ್ನಯ್ಯ ಮಾಸ್ತರರು, ಮತದಾರರ ಯಾದಿ ಬರೆಯಲು ಚನ್ನಯ್ಯ ಮಾಸ್ತರರು, ಮೈಲಿಬೇನೆಯ ಸೂಜಿಗೆ ಹೆದರಿ ಬಣವೆಯ ಹಿಂದೆ ಅಡಗಿದವರನ್ನು ಹಿಡಿದು ತರಲೂ ಚನ್ನಯ್ಯ ಮಾಸ್ತರರು. ಇಷ್ಟೆಲ್ಲ ಮುಗಿದ ಮೇಲೆ ಹೊತ್ತು ಉಳಿದರೆ ಮಕ್ಕಳಿಗೆ ಕಲಿಸಬಹುದಿತ್ತು. ಅದಕ್ಕೆ ಸರಕಾರದ್ದೇನೂ ತಕರಾರು ಇರಲಿಲ್ಲ.

ಹೀಗಾಗಿ ಒಂದು ಮತ್ತು ಎರಡನೇ ಇಯತ್ತೆಯನ್ನು ನಡೆಸುತ್ತಿದ್ದವಳು ಸಾವಕ್ಕ. ಹನ್ನೊಂದು ವರ್ಷದ ಹುಡುಗಿ, ಕೈಯಲ್ಲಿ ಸದಾ ಹಲಗೆಯ ಮೇಲೆ ಬರೆಯುವ ಖಡುವಿನ ಒಂದು ತುಂಡು. ನಾವು ಅವಳನ್ನು ‘ಅಕ್ಕೋರು’ ಎಂದೇ ಕರೆಯುತ್ತಿದ್ದೆವು. ಅವಳು ಒಮ್ಮೆಯೂ ಹೊಡೆಯಲಿಲ್ಲ. ನನ್ನ ಪಾಟಿ ನೋಡಿ, “ನಿಮ್ಮ ಮನಿ ಎಮ್ಮಿ ಸೈತ ಇದಕ್ಕಿಂತ ಛಲೋ ಬರೀತೈತೋ” ಅನ್ನುತ್ತಿದ್ದಳು. ಮರುದಿನ ನಾನು ಎಮ್ಮೆಗಿಂತ ಚೆನ್ನಾಗಿ ಬರೆದು ತರುತ್ತಿದ್ದೆ.

ಮಾಸ್ತರರು ಪ್ರತಿವರ್ಷ ಎರಡನೇ ಮಾಸ್ತರರು ಬೇಕೆಂದು ಅರ್ಜಿ ಕೊಡುತ್ತಿದ್ದರು. ಪ್ರತಿವರ್ಷ ತಪಾಸಣೆಗೆ ಸಾಹೇಬರು ಬರುತ್ತಿದ್ದರು. ಆದರೆ ಸಾಹೇಬರು ಬರುತ್ತಾರೆಂದರೆ ನಮ್ಮ ಮಾಸ್ತರರಿಗೆ ಮೈಮೇಲೆ ದೇವರು ಬಂದಂತೆ. ನೆಲ ಸಾರಿಸಿ, ಬಾಗಿಲಿಗೆ ತೋರಣ ಕಟ್ಟಿ, ಸಣ್ಣ ಮಕ್ಕಳ ಮುಂದೆ ಸಾವಕ್ಕನನ್ನು ನಿಲ್ಲಿಸುತ್ತಿದ್ದರು. ಸಾಹೇಬರು ಒಂದು ಸುತ್ತು ನೋಡಿ, ಅವಲಕ್ಕಿ ತಿಂದು, ಭೇಟಿಪುಸ್ತಕದಲ್ಲಿ ತಮ್ಮ ಶೇರಾ ಬರೆಯುವರು: “ಶಾಲೆಯು ಒಬ್ಬ ಶಿಕ್ಷಕರಿಂದಲೇ ಅಚ್ಚುಕಟ್ಟಾಗಿ ನಡೆದಿದೆ. ಎರಡನೆಯ ಶಿಕ್ಷಕರ ಅವಶ್ಯಕತೆ ಕಂಡುಬರುವುದಿಲ್ಲ.” ಮಾಸ್ತರರು ಮೊದಲ ವಾಕ್ಯ ಓದಿ ಹಿಗ್ಗುವರು, ಎರಡನೆಯದನ್ನು ಓದಿ ಹಣೆ ಬಡಿದುಕೊಳ್ಳುವರು. ತೋರಣ ಕಟ್ಟಿದ್ದು ತಾವೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಎರಡನೇ ಮಾಸ್ತರರು ಬರದ ಮೇಲೆ ಸಾವಕ್ಕ ಹೋಗುವಂತಿಲ್ಲ. ನಾಲ್ಕು ಪಾಸಾದರೆ ಅವಳು ಐದಕ್ಕೆ ಹುಬ್ಬಳ್ಳಿಗೆ ಹೋಗಿಬಿಡುತ್ತಾಳೆ. ಪ್ರಶ್ನೆ ತೆಗೆಯುವವರು ಚನ್ನಯ್ಯ ಮಾಸ್ತರರು, ತಿದ್ದುವವರೂ ಅವರೇ. ಆದ್ದರಿಂದ ಮಾರ್ಚ್ ಬಂತೆಂದರೆ ಸಾವಕ್ಕ ನಪಾಸು.

ಮೂರನೇ ಸಲ ನಪಾಸಾದ ದಿನ ಅವಳ ತಾಯಿ ರುಕ್ಮವ್ವ ಸಾಲಿಗೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

“ಮಾಸ್ತರ್ರ, ಆಕಿ ಕಲ್ಸಿದ ಹುಡುಗ್ರೆಲ್ಲಾ ಪಾಸ್ ಆಗ್ಯಾರ. ಕಲ್ಸಿದಾಕಿ ಅಷ್ಟ ಹೆಂಗ ನಪಾಸ್ ಆದ್ಳ್ರಿ?”

“ಭೂಗೋಳ ಸ್ವಲ್ಪ ಕಚ್ಚಾ ಐತಿ ನೋಡ ರುಕ್ಮವ್ವ.”

“ಹ್ವಾದ ವರ್ಷ ಗಣಿತ ಕಚ್ಚಾ ಅಂದ್ರಿ. ಅದರ ಹಿಂದಿನ ವರ್ಷ ಅಕ್ಷರ ದುಂಡಗಿಲ್ಲ ಅಂದ್ರಿ. ಆಕೀಗಿ ಏಳನೇ ಇಯತ್ತೆ ಮುಲ್ಕಿ ಪರೀಕ್ಷಾ ಪಾಸಾಗಿ ಖರೇ ಅಕ್ಕೋರ ಆಗೂ ಆಸೆ ಐತ್ರಿ. ಬರೂ ಮಾರ್ಚ್‌ದಾಗ ಪಾಸ್ ಆಗ್ಲಿಲ್ಲಂದ್ರ ಸಾಲಿ ಬಿಡ್ಸಿ ಲಗ್ನಾ ಮಾಡೂದ ಅಂತ ಅವರಪ್ಪ ಕುಂತಾನ್ರಿ.”

ಮಾಸ್ತರರು ಹಾಜರಿಪಟ್ಟಿ ತೆಗೆದು ಅದರಲ್ಲೇನೋ ಹುಡುಕತೊಡಗಿದರು. ಸಾವಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನನಗೆ ಮಾಸ್ತರರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ಸೈಕಲ್ಲಿನ ಗಾಳಿ ಬಿಟ್ಟೆ.

1961ರ ಜನವರಿಯಲ್ಲಿ ಮತ್ತೆ ತಪಾಸಣೆ. ತೋರಣ ಕಟ್ಟಿಯಾಗಿತ್ತು. ಸಾಹೇಬರು ಒಳಗೆ ಕಾಲಿಟ್ಟಾಗ ಸಾವಕ್ಕ ಸಣ್ಣವರ ಮುಂದೆ ಇರಲಿಲ್ಲ. ನಾಲ್ಕನೇ ಇಯತ್ತೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಸಣ್ಣವರು ಕೇಳಬೇಕೇ? ಒಬ್ಬ ಅಳುತ್ತಿದ್ದ, ಇಬ್ಬರು ಪಾಟಿಯಿಂದ ಬಡಿದಾಡುತ್ತಿದ್ದರು, ಒಬ್ಬಳು ತೋರಣ ಜಗ್ಗುತ್ತಿದ್ದಳು.

“ಸಾವಕ್ಕಾ, ಏಳವಾ, ಸಣ್ಣವರನ್ನ ನೋಡ” ಎಂದರು ಮಾಸ್ತರರು, ಹಲ್ಲು ಕಚ್ಚಿಕೊಂಡು.

ಸಾವಕ್ಕ ಎದ್ದು ನಿಂತಳು. “ನಾ ಮೂರ ಸಲ ನಪಾಸ್ ಆದಾಕಿ ಅದೀನ್ರಿ. ನಂದ ನನಗ ತಿಳ್ಯೂದಿಲ್ಲ, ಮಂದೀಗಿ ಏನ್ ಕಲಿಸ್ಲಿರಿ?”

ಸಾಹೇಬರ ಹುಬ್ಬು ಮೇಲೇರಿತು. “ಯಾತರಾಗ ನಪಾಸ್ ಆದಿ?”

“ಒಮ್ಮೆ ಅಕ್ಷರ, ಒಮ್ಮೆ ಗಣಿತ, ಒಮ್ಮೆ ಭೂಗೋಳರಿ.”

ಹಲಗೆಯ ಮೇಲೆ ಬರೆಯಲು ಹೇಳಿದರು. ದುಂಡಗೆ ಬರೆದಳು. ಹದಿನೇಳೊಂಬತ್ಲೆ ಎಷ್ಟೆಂದರು. ಅವರು ಬಾಯಿ ಮುಚ್ಚುವ ಮೊದಲೇ “ನೂರಾ ಐವತ್ಮೂರ್ರಿ” ಎಂದಳು. ಕೃಷ್ಣಾ ನದಿಗೆ ಸೇರುವ ಹೊಳೆಗಳನ್ನು ಹೇಳತೊಡಗಿದಾಗ ಸಾಹೇಬರೇ ಸಾಕೆಂದು ಕೈ ಮಾಡಿದರು.

“ಮತ್ತ ಯಾಕ ನಪಾಸ್ ಮಾಡೀರಿ ಚನ್ನಯ್ಯ?”

ಮಾಸ್ತರರ ಕಣ್ಣಲ್ಲಿ ನೀರು ಬಂತು. “ಆಕಿ ಹ್ವಾದ್ರ ಸಾಲಿ ಬಂದ್ ಆಗ್ತೈತ್ರಿ ಸಾಹೇಬ್ರ. ನಾನೊಬ್ಬಾಂವ ಏನ್ ಮಾಡ್ಲಿರಿ?”

ಸಾಹೇಬರು ಬೈಯಲು ಬಾಯಿ ತೆರೆದವರು ಭೇಟಿಪುಸ್ತಕದ ಹಿಂದಿನ ಹಾಳೆ ತಿರುವಿದರು. ‘ಅವಶ್ಯಕತೆ ಕಂಡುಬರುವುದಿಲ್ಲ’ ಎಂಬುದರ ಕೆಳಗೆ ಅವರದೇ ಸಹಿ, ಮೂರು ವರ್ಷದ್ದೂ. ಬೈಯಲಿಲ್ಲ. ಅವಲಕ್ಕಿಯನ್ನೂ ಮುಟ್ಟಲಿಲ್ಲ. ಎರಡನೇ ಶಿಕ್ಷಕರು ಬೇಕೆಂದು ಬರೆದು ಹೊರಟುಹೋದರು. ಆ ಶಿಕ್ಷಕರು 1965ರಲ್ಲಿ ಬಂದರು. ಇಲಾಖೆಯ ಲೆಕ್ಕದಲ್ಲಿ ಇದು ಲಗುಬಗೆಯಿಂದ ಆದ ಕೆಲಸ.

ಮಾರ್ಚಿನಲ್ಲಿ ಸಾವಕ್ಕ ಪಾಸಾದಳು. ಲಗ್ನದ ಮಾತು ನಿಂತಿತು. ಹುಬ್ಬಳ್ಳಿಯ ಸೋದರತ್ತೆಯ ಮನೆಯಲ್ಲಿದ್ದು ಐದನೇ ಇಯತ್ತೆಗೆ ಸೇರಿದಳು, ಇಡೀ ವರ್ಗಕ್ಕೆ ಎತ್ತರದವಳಾಗಿ. ಮುಂದಿನದನ್ನು ದೀಪಾವಳಿ ಸೂಟಿಗೆ ಊರಿಗೆ ಬಂದಾಗ ಅವಳೇ ನಮಗೆ ಹೇಳಿದ್ದು. ಸೇರಿ ಒಂದು ವಾರವಾಗಿತ್ತಂತೆ. ಆ ಸಾಲಿಯ ದೊಡ್ಡ ಅಕ್ಕೋರು ಅವಳನ್ನು ಕರೆದು ಕೈಯಲ್ಲಿ ಖಡು ಕೊಟ್ಟರಂತೆ. “ಎರಡನೇ ಇಯತ್ತೇಕ ಕಲಿಸಾಕ ಯಾರೂ ಇಲ್ಲ ನೋಡವಾ. ನೀ ಶ್ಯಾಣ್ಯಾ ಇದ್ದೀ, ಸ್ವಲ್ಪ ದಿವಸ ನೋಡ್ಕೊ.”

ಸಾವಕ್ಕ ಖಡುವನ್ನು ಮೇಜಿನ ಮೇಲಿಟ್ಟಳಂತೆ.

“ಕಲಿಸ್ತೇನ್ರಿ ಅಕ್ಕೋರ. ಮದ್ಲ ನನ್ನ ನಪಾಸ್ ಮಾಡೂದಿಲ್ಲಂತ ಒಂದ್ ಚೀಟಿ ಬರದ ಕೊಡ್ರಿ.”